ಅಪ್ಪನ ಎದೆಯ ನೀರು, ಬೊಂಬಾಯಿಯ ಬಿಳಿ ಧೂಳು

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕಿನ ಕಡಲ ಬದಿಯ ಹಳ್ಳಿ. ಅಪ್ಪನಿಗೆ 73 ವರ್ಷ. 1973ರಿಂದ 1986ರವರೆಗೆ ಬೊಂಬಾಯಿಯಲ್ಲಿ ಹಡಗು ರಿಪೇರಿಯ ಕಡೆ ದುಡಿದರು. ಕಂತ್ರಾಟುದಾರರ ಕೈಕೆಳಗೆ, ಎಂಜಿನ್ ರೂಮಿನ ಪೈಪುಗಳಿಗೆ ಸುತ್ತಿದ ಹಳೇ ಪಟ್ಟಿ ಕಿತ್ತು ಹೊಸದು ಸುತ್ತುವ ಕೆಲಸ. ಆಮೇಲೆ ಊರಿಗೆ ಬಂದು ಕಿರಾಣಿ ಅಂಗಡಿ ಹಾಕಿದರು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ದಮ್ಮು ಶುರುವಾಯಿತು. ಬಲಗಡೆ ಎದೆಯಲ್ಲಿ ನೀರು ತುಂಬಿದೆ ಎಂದು ಮೂರು ಸಲ ತೆಗೆದರು. ಟಿಬಿ ಎಂದು ನಾಲ್ಕು ತಿಂಗಳು ಮಾತ್ರೆ ನುಂಗಿಸಿದರು. ಕಡೆಗೆ ದೊಡ್ಡ ಆಸ್ಪತ್ರೆಯಲ್ಲಿ ತುಣುಕು ತೆಗೆದು ನೋಡಿ 'ಎಪಿಥೀಲಿಯಾಯ್ಡ್ ಮೆಸೊಥೆಲಿಯೋಮಾ' ಎಂದು ಬರೆದುಕೊಟ್ಟಿದ್ದಾರೆ. ಅಪ್ಪ ಬೀಡಿ ಸೇದುತ್ತಿದ್ದರು, ಅದರಿಂದ ಬಂತೇ? ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಸಿಮೆಂಟ್ ಶೀಟಿನ ಮಾಡು ಇದೆ, ಅದರಿಂದಲೇ? ಬೊಂಬಾಯಿಯ ಖೋಲಿಯಲ್ಲಿ ಐದು ವರ್ಷ ಇದ್ದ ಆಯಿ ಅವರ ಬಟ್ಟೆ ಒಗೆಯುತ್ತಿದ್ದಳು, ಅವಳಿಗೂ ಅಂಟುತ್ತದೆಯೇ? ಸೂಜಿ ಚುಚ್ಚಿ ತುಣುಕು ತೆಗೆದಿದ್ದಕ್ಕೇ ರೋಗ ಹರಡಿತು ಎನ್ನುತ್ತಾರೆ ನೆಂಟರು. ಕಿಮೋ ಬೇಡ, ನಾಟಿ ಕಷಾಯ ಸಾಕು ಎನ್ನುವವರೂ ಇದ್ದಾರೆ. ದುಬೈಯಲ್ಲಿರುವ ಅಣ್ಣ ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದ್ದಾನೆ: ಈ ಕಾಯಿಲೆಗೆ ಅಮೆರಿಕದಿಂದ ಕೋಟಿಗಟ್ಟಲೆ ಪರಿಹಾರವಂತೆ, ಹೆಸರು ನೋಂದಾಯಿಸಲು ಮೊದಲು 25,000 ರೂಪಾಯಿ ಕಳಿಸಬೇಕಂತೆ. ಏನು ಮಾಡಲಿ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದಕ್ಕೆ ಅವಸರವಿದೆ. ಆ 25,000 ಕಳಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ. ಮೆಸೊಥೆಲಿಯೋಮಾ ಎಂದರೆ, ಅಪ್ಪನ ಮಟ್ಟಿಗೆ, ಶ್ವಾಸಕೋಶವನ್ನು ಸುತ್ತಿದ ಪೊರೆಯ ಕ್ಯಾನ್ಸರ್. ಎಪಿಥೀಲಿಯಾಯ್ಡ್ ಅದರ ಮೂರು ಬಗೆಗಳಲ್ಲಿ ಒಂದು.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಆರೇಳು ಇದ್ದರೂ ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ: ಪೈಪಿಗೆ ಸುತ್ತಿದ್ದನ್ನು ಕಿತ್ತು ಹೊಸದು ಸುತ್ತುವ ಕೆಲಸ. ಹಡಗಿನವರ ಭಾಷೆಯಲ್ಲಿ ಅದು ಲ್ಯಾಗಿಂಗ್. ಉಗಿ ಹೋಗುವ ಪೈಪು, ಬಾಯ್ಲರು, ಎಂಜಿನ್ನಿನ ಹೊಗೆಕೊಳವೆ ಇವುಗಳ ಬಿಸಿ ಹೊರಗೆ ಬಾರದಂತೆ ಆ ಕಾಲದಲ್ಲಿ ಸುತ್ತುತ್ತಿದ್ದದ್ದು ಆಸ್ಬೆಸ್ಟಾಸ್. ನಮ್ಮ ಭಾಷೆಯಲ್ಲಿ ಅದಕ್ಕೊಂದು ಒಳ್ಳೆಯ ಹೆಸರಿದೆ, ಕಲ್ನಾರು. ಕಲ್ಲೂ ಹೌದು, ನಾರೂ ಹೌದು. ಹತ್ತಿಯಂತೆ ಹಿಂಜಬಹುದು, ನೇಯಬಹುದು, ಬೆಂಕಿಗೆ ಸುಡುವುದಿಲ್ಲ. ಹೊಸದನ್ನು ಸುತ್ತುವುದಕ್ಕಿಂತ ಹಳೆಯದನ್ನು ಕೀಳುವುದೇ ಹೆಚ್ಚು ಅಪಾಯದ ಕೆಲಸ. ವರ್ಷಗಟ್ಟಲೆ ಬಿಸಿಗೆ ಒಣಗಿದ್ದು ಕೈ ಹಾಕಿದರೆ ಹಿಟ್ಟಿನಂತೆ ಉದುರುತ್ತದೆ. ಎಂಜಿನ್ ರೂಮಿನಲ್ಲಿ ಗಾಳಿಯೂ ಆಡುವುದಿಲ್ಲ. ನಿಮ್ಮ ಅಪ್ಪ 13 ವರ್ಷ ಆ ಹಿಟ್ಟಿನ ನಡುವೆ ಉಸಿರಾಡಿದ್ದಾರೆ.

ಈ ನಾರು ಕೂದಲಿಗಿಂತ ಎಷ್ಟೋ ಪಟ್ಟು ಸಪೂರ. ಮೂಗು, ಗಂಟಲು ತಡೆಯುವ ಜಾತಿಯ ಧೂಳಲ್ಲ. ನೇರ ಶ್ವಾಸಕೋಶದ ಅಂಚಿಗೆ ಹೋಗಿ, ಅಲ್ಲಿಂದ ಹೊರಗಿನ ಪೊರೆಗೂ ದಾಟುತ್ತದೆ. ಒಳಗೆ ಬಂದ ಕಸವನ್ನು ನುಂಗಿ ಹಾಕಲು ನಮ್ಮ ದೇಹದಲ್ಲಿ ಕಾವಲು ಜೀವಕೋಶಗಳಿವೆ. ಆದರೆ ನಾರು ಆ ಜೀವಕೋಶಕ್ಕಿಂತ ಉದ್ದ. ಹೆಬ್ಬಾವಿನ ಬಾಯಿಗೆ ಬಿದಿರಿನ ಗಳ ಅಡ್ಡ ಸಿಕ್ಕಂತೆ ಆ ಜೀವಕೋಶಗಳು ಅರ್ಧ ನುಂಗಿ ಅಲ್ಲೇ ಸಾಯುತ್ತವೆ, ಸಾಯುವಾಗ ಉರಿ ಹುಟ್ಟಿಸುವ ರಸಾಯನ ಚೆಲ್ಲುತ್ತವೆ. ಮತ್ತೊಂದು ಬರುತ್ತದೆ, ಅದೂ ಹಾಗೇ. ಸದ್ದಿಲ್ಲದ ಈ ಉರಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ನಡೆಯುತ್ತದೆ. ಗಡ್ಡೆಯನ್ನು ತಡೆಯುವ ಕೆಲವು ಜೀನುಗಳು ಕೆಡುತ್ತ ಕೆಡುತ್ತ ಒಂದು ದಿನ ಪೊರೆಯಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅಪ್ಪ ಆ ಕೆಲಸ ಬಿಟ್ಟು ಸುಮಾರು 40 ವರ್ಷವಾಯಿತು, ಈಗ ಯಾಕೆ ಎಂದು ನಿಮಗೆ ಅನಿಸಿರಬಹುದು. ಈ ಕಾಯಿಲೆ ಬರುವುದೇ ಹೀಗೆ, ಅಂಗಡಿ ಹಾಕಿ, ಮಕ್ಕಳ ಮದುವೆ ಮಾಡಿ, ಹಳೆಯ ಕೆಲಸ ಮರೆತುಹೋದ ಮೇಲೆ.

ಮೊದಲು ಬೀಡಿಯ ಮಾತು. ಮೆಸೊಥೆಲಿಯೋಮಾ ಬೀಡಿಯಿಂದ ಬರುವುದಿಲ್ಲ. ಇದನ್ನು ಅಪ್ಪನಿಗೂ ದಯವಿಟ್ಟು ಹೇಳಿ. ತನ್ನ ಚಟದಿಂದಲೇ ಮನೆಗೆ ಈ ಗತಿ ಬಂತೆಂದು ಮುದುಕರು ಒಳಗೊಳಗೇ ಕೊರಗುವುದನ್ನು ನಾನು ಕಂಡಿದ್ದೇನೆ. ಬೀಡಿಯೂ ಕಲ್ನಾರೂ ಕೂಡಿ ಕೆಡುಕು ಮಾಡುವುದು ಬೇರೆ ಕಡೆ, ಮಾಮೂಲಿ ಶ್ವಾಸಕೋಶದ ಕ್ಯಾನ್ಸರಿನಲ್ಲಿ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಮೇಲೆ ಡಾ. ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎರಡೂ ಇಲ್ಲದವರಿಗೆ ಹೋಲಿಸಿದರೆ ಕಲ್ನಾರು ಮಾತ್ರ ಇದ್ದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಿಗೆ ಸುಮಾರು 11 ಪಟ್ಟು, ಎರಡೂ ಇದ್ದವರಿಗೆ 50 ಪಟ್ಟಿಗೂ ಮೇಲೆ. ಹಾಗಾಗಿ ಅಪ್ಪನ ಜೊತೆ ದುಡಿದವರು ಯಾರಾದರೂ ಊರಲ್ಲಿದ್ದು ಇನ್ನೂ ಬೀಡಿ ಎಳೆಯುತ್ತಿದ್ದರೆ ಅವರಿಗೆ ಇವತ್ತೇ ಬಿಡಲು ಹೇಳಿ. ಬಿಟ್ಟರೆ ಲಾಭವಿದೆ.

ಇದು ಅಂಟುವ ಕಾಯಿಲೆಯಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ, ಮೊಮ್ಮಕ್ಕಳು ಅಜ್ಜನ ಪಕ್ಕ ಮಲಗಲಿ. ಆಯಿಯ ವಿಷಯ ಮಾತ್ರ ಬೇರೆ. ಅವರಿಗೆ ಅಪ್ಪನಿಂದ ಕಾಯಿಲೆ ಬರುವುದಿಲ್ಲ, ಆದರೆ ಅಪ್ಪನ ಬಟ್ಟೆಯಿಂದ ನಾರು ಬಂದಿರಬಹುದು. ದಕ್ಷಿಣ ಆಫ್ರಿಕದಲ್ಲಿ ಡಾ. ವ್ಯಾಗ್ನರ್ 1960ರಲ್ಲಿ ಈ ಕ್ಯಾನ್ಸರಿಗೂ ನೀಲಿ ಕಲ್ನಾರಿಗೂ ಇರುವ ನಂಟನ್ನು 33 ರೋಗಿಗಳಲ್ಲಿ ತೋರಿಸಿದಾಗ, ಅವರಲ್ಲಿ ಗಣಿಯೊಳಗೆ ಕಾಲಿಡದೆ ಬರೀ ಗಣಿಯ ಊರಲ್ಲಿ ಬದುಕಿದವರೂ ಇದ್ದರು. 1965ರಲ್ಲಿ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ ಕಲ್ನಾರಿನ ಕೆಲಸಗಾರರ ಜೊತೆ ಒಂದೇ ಮನೆಯಲ್ಲಿದ್ದ ನೆಂಟರು ಕಂಡುಬಂದರು, ಬಟ್ಟೆ ಕೊಡವಿ ಒಗೆದವರು. ಆಯಿಗೆ ಬಂದೇ ಬರುತ್ತದೆ ಎಂದಲ್ಲ. ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಆದರೆ ಹೊಸದಾಗಿ ದಮ್ಮು, ಒಂದು ಬದಿಯ ಎದೆನೋವು, ಬಿಡದ ಒಣಕೆಮ್ಮು ಕಂಡರೆ 'ವಯಸ್ಸಾಯ್ತು' ಎಂದು ಬಿಡದೆ ಎಕ್ಸ್‌ರೇ ತೆಗೆಸಿ, ಬೊಂಬಾಯಿಯ ಬಟ್ಟೆಯ ಕತೆಯನ್ನು ಡಾಕ್ಟರಿಗೆ ನೀವೇ ಹೇಳಿ. ಕೇಳುವವರು ಕಡಿಮೆ.

ಈ ಕೇಳದಿರುವ ತಪ್ಪು ನನ್ನದೂ ಹೌದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರ ಘಟ್ಟದ ಮೇಲಿಂದ ಒಬ್ಬರು ಬಂದಿದ್ದರು. ಎದೆಯಲ್ಲಿ ನೀರು, ತೂಕ ಇಳಿಕೆ, ಸಂಜೆ ಸಣ್ಣ ಜ್ವರ. ನಾನೂ ಟಿಬಿ ಎಂದೇ ಮಾತ್ರೆ ಶುರು ಮಾಡಿದೆ. ಐದನೆಯ ತಿಂಗಳು ಅವರ ಹೆಂಡತಿ, 'ಬಾಯ್ಲರಿನ ಬಟ್ಟೆ ಕೆಲಸ ಮಾಡ್ತಿದ್ರಲ್ಲ, ಆ ಧೂಳಿಂದ ಏನಾದ್ರೂ?' ಎಂದು ಕೇಳಿದಾಗ ಪೆನ್ನು ಕೆಳಗಿಟ್ಟೆ. ಇಟಲಿಯ ರಮಾಜ್ಜಿನಿ ಎಂಬ ವೈದ್ಯರು 1700ರಲ್ಲೇ ಬರೆದಿದ್ದರು, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ 'ನಿನ್ನ ಕಸುಬೇನು' ಎಂಬುದನ್ನೂ ಸೇರಿಸಿಕೊಳ್ಳಿ ಎಂದು. ನಮ್ಮ ಒಪಿಡಿ ಚೀಟಿಯಲ್ಲಿ ಆ ಕಾಲಮ್ಮು ಇದ್ದರೂ ಅಲ್ಲಿ ಬರೆಯುವುದು 'ಕೂಲಿ', 'ಕೃಷಿ', 'ಗೃಹಿಣಿ', ಅದೂ ಈಗಿನದು. ನಲವತ್ತು ವರ್ಷದ ಹಿಂದಿನದನ್ನು ಯಾರೂ ಬರೆಯುವುದಿಲ್ಲ.

ಹಾಗಂತ ನಿಮ್ಮ ಅಪ್ಪನಿಗೆ ಟಿಬಿ ಮಾತ್ರೆ ಕೊಟ್ಟ ಡಾಕ್ಟರನ್ನು ಬೈಯಬೇಡಿ. ನಮ್ಮ ದೇಶದಲ್ಲಿ ಎದೆಗೆ ನೀರು ಬಂದರೆ ಮೊದಲ ಅನುಮಾನ ಟಿಬಿಯೇ ಆಗಬೇಕು. ನೀರಿನ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಲಿಂಫೋಸೈಟು ಎಂಬ ಬಿಳಿ ರಕ್ತಕಣ ಜಾಸ್ತಿ, ಪ್ರೋಟೀನು ಜಾಸ್ತಿ. ಟಿಬಿಗೆಂದು ನೋಡುವ ಎಡಿಎ ಎಂಬ ಕಿಣ್ವ ಕೂಡ ಕೆಲವೊಮ್ಮೆ ಈ ಕ್ಯಾನ್ಸರಿನಲ್ಲಿ ಏರಿರುತ್ತದೆ. ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂದರೆ ಕ್ಯಾನ್ಸರ್ ಇಲ್ಲವೆಂದೂ ಅರ್ಥವಲ್ಲ. ಪೊರೆಯ ತುಣುಕು ಬೇಕೇ ಬೇಕು, ಅದಕ್ಕೆ ಎದೆಯೊಳಗೆ ದುರ್ಬೀನು ಹಾಕಿ ನೋಡುವ ಥೊರಾಕೋಸ್ಕೋಪಿ ಒಳ್ಳೆಯ ದಾರಿ. ತುಣುಕನ್ನೂ ಬರೀ ಕಣ್ಣಳತೆಯಲ್ಲಿ ಹೇಳಲಾಗದು. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1ರಂಥ ಬಣ್ಣದ ಪರೀಕ್ಷೆಗಳು ಬೇಕು, ಶ್ವಾಸಕೋಶದ ಬೇರೆ ಕ್ಯಾನ್ಸರ್ ಅಲ್ಲವೆಂದು ತೋರಿಸುವ ಇನ್ನೊಂದಿಷ್ಟು ಬೇಕು. ನಿಮ್ಮ ವರದಿಯಲ್ಲಿ ಇವು ಇವೆಯೇ ನೋಡಿ.

ಸೂಜಿಯ ಮಾತಿಗೆ ಬರುತ್ತೇನೆ. ನೆಂಟರು ಹೇಳುವುದರಲ್ಲಿ ಕಾಳಿನಷ್ಟು ಸತ್ಯವಿದೆ. ಈ ಕ್ಯಾನ್ಸರಿನಲ್ಲಿ ಸೂಜಿ ಅಥವಾ ನಳಿಕೆ ಹಾಕಿದ ಜಾಗದ ಚರ್ಮದಡಿ ಕೆಲವರಿಗೆ ಸಣ್ಣ ಗಂಟು ಬರುವುದುಂಟು. ಬಂದರೆ ಅದಕ್ಕೆ ವಿಕಿರಣ ಕೊಡಬಹುದು. ಅದು ಬರಬಾರದೆಂದು ಎಲ್ಲರಿಗೂ ಮೊದಲೇ ವಿಕಿರಣ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗದಲ್ಲಿ ಅದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಆದರೆ ಒಳಗಿನ ರೋಗ ಸೂಜಿಯಿಂದ ಬೆಳೆಯಿತು, ಆಯಸ್ಸು ಕಡಿಮೆಯಾಯಿತು ಎಂಬುದು ತಪ್ಪು. ತುಣುಕು ತೆಗೆಯದಿದ್ದರೆ ಅಪ್ಪ ಇನ್ನೂ ಟಿಬಿ ಮಾತ್ರೆ ನುಂಗುತ್ತ ಇರುತ್ತಿದ್ದರು.

ಚಿಕಿತ್ಸೆಯ ಬಗ್ಗೆ ಸುತ್ತಿ ಬಳಸಿ ಹೇಳುವುದಿಲ್ಲ. ಇವತ್ತಿನ ದಿನ ಇದನ್ನು ಬೇರು ಸಮೇತ ಕೀಳುವ ಔಷಧಿಯಿಲ್ಲ. ಆದರೆ 'ಏನೂ ಮಾಡಲಾಗದು' ಎಂಬುದೂ ಸುಳ್ಳು. ಅಪ್ಪನ ಮಟ್ಟಿಗೆ ಮೊದಲ ಕೆಲಸ ದಮ್ಮು ಇಳಿಸುವುದು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಸೂಜಿ ಹಾಕಿಸಿ ನೀರು ತೆಗೆಸುವುದು ಒಳ್ಳೆಯ ಪದ್ಧತಿಯಲ್ಲ. ಎರಡು ದಾರಿಗಳಿವೆ. ನೀರನ್ನು ಪೂರ್ತಿ ತೆಗೆದಾಗ ಶ್ವಾಸಕೋಶ ಅರಳಿ ಎದೆಗೋಡೆಗೆ ತಾಗುತ್ತಿದ್ದರೆ, ನಡುವೆ ಟಾಲ್ಕ್ ಪುಡಿ ಹಾಕಿ ಎರಡೂ ಪೊರೆಗಳನ್ನು ಅಂಟಿಸಬಹುದು. ನೀರಿಗೆ ಜಾಗವೇ ಉಳಿಯುವುದಿಲ್ಲ. ಒಂದೆರಡು ದಿನ ನೋವು, ಜ್ವರ ಬರುತ್ತದೆ. ರೋಗ ಪೊರೆಯನ್ನು ದಪ್ಪ ಮಾಡಿ ಶ್ವಾಸಕೋಶವನ್ನು ಹಿಡಿದುಬಿಟ್ಟಿದ್ದರೆ ಇದು ನಡೆಯುವುದಿಲ್ಲ. ಆಗ ಎದೆಯಲ್ಲಿ ಉಳಿಯುವ ಮೆತ್ತನೆಯ ಸಣ್ಣ ನಳಿಕೆ ಹಾಕಿ, ಮನೆಯಲ್ಲೇ ಎರಡು ಮೂರು ದಿನಕ್ಕೊಮ್ಮೆ ಬಾಟಲಿಗೆ ನೀರು ಬಿಡಬಹುದು. ಇದರ ಅಪಾಯ ಸೋಂಕು. ನಮ್ಮ ಕರಾವಳಿಯ ಬೆವರಿನಲ್ಲಿ ಡ್ರೆಸ್ಸಿಂಗು ಒದ್ದೆಯಾಗಿ ಉಳಿಯುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಸೂಜಿಯಿಂದಲೇ ತೆಗೆಯುವುದಾದರೆ ಒಂದೇ ಸಲ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಸಲು ಅವಸರ ಮಾಡಬೇಡಿ. ದೂರದಿಂದ ಬಂದಿದ್ದೇವೆ, ಎಲ್ಲ ತೆಗೆದುಬಿಡಿ ಎಂದು ಮನೆಯವರೇ ಒತ್ತಾಯಿಸುತ್ತಾರೆ. ಕುಗ್ಗಿದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ತುಂಬಬಹುದು.

ಕಿಮೋ ವಿಷಯ. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಸೇರಿಸಿ ಕೊಡುವ ಪದ್ಧತಿ 2003ರ ಅಧ್ಯಯನದಿಂದ ನೆಲೆಯೂರಿತು. ಸಿಸ್‌ಪ್ಲಾಟಿನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 9.3 ತಿಂಗಳು ದಾಟಿದ್ದರೆ, ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದ್ದರು. ಲೆಕ್ಕ ಸಣ್ಣದೆನಿಸಬಹುದು. ಇದು ನೂರು ಜನರನ್ನು ಸಾಲಾಗಿ ನಿಲ್ಲಿಸಿದಾಗ ನಡುವೆ ನಿಂತವರ ಲೆಕ್ಕ, ಅಪ್ಪನ ಹಣೆಯ ಮೇಲೆ ಬರೆದದ್ದಲ್ಲ. ಅವರದು ಎಪಿಥೀಲಿಯಾಯ್ಡ್ ಜಾತಿ, ಮೂರು ಬಗೆಗಳಲ್ಲಿ ಕಿಮೋಗೆ ಹೆಚ್ಚು ಬಗ್ಗುವುದು ಅದೇ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ, ಕಿವಿಗೆ ಪೆಟ್ಟು ಕೊಡುತ್ತದೆ. 73ರ ವಯಸ್ಸಿನಲ್ಲಿ ಬಹಳಷ್ಟು ವೈದ್ಯರು ಅದರ ಬದಲು ಕಾರ್ಬೋಪ್ಲಾಟಿನ್ ಆರಿಸುತ್ತಾರೆ. ಶುರು ಮಾಡುವ ಸುಮಾರು ಒಂದು ವಾರ ಮೊದಲು ಬಿ12 ಇಂಜೆಕ್ಷನ್, ದಿನವೂ ಫೋಲಿಕ್ ಆಸಿಡ್ ಮಾತ್ರೆ ಇರಲೇಬೇಕು, ಅವು 'ಶಕ್ತಿಯ ಗುಳಿಗೆ' ಎಂದು ಬಿಡುವಂಥವಲ್ಲ. ಕಿಮೋದ ವಿಷ ತಗ್ಗಿಸುವುದೇ ಅವು.

ನಾಟಿ ಕಷಾಯದ ಬಗ್ಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಕಾಡಿನ ಬೇರು, ತೊಗಟೆ ತಿಳಿದ ಹಿರಿಯರಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಒಂದೇ ಮಾತು, ಕಿಮೋ ನಡೆಯುತ್ತಿರುವಾಗ ಕಷಾಯ ಬೇಡ. ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಭಾರ ಬಿದ್ದರೆ ಯಾವುದರಿಂದ ಕೆಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ. ಸೊಂಟನೋವಿಗೆಂದು ಮೆಡಿಕಲ್ ಅಂಗಡಿಯ ಗುಳಿಗೆಯೂ ಹಾಗೇ. ಅಪ್ಪ ಕಿಮೋ ಬೇಡವೆಂದು ಅವರೇ ತೀರ್ಮಾನಿಸಿದರೆ ಅದೂ ಒಪ್ಪುವ ತೀರ್ಮಾನವೇ. ಆಗ ದಮ್ಮು, ನೋವು ಇವೆರಡಕ್ಕೆ ಮಾತ್ರ ಗಟ್ಟಿ ಚಿಕಿತ್ಸೆ ಕೊಡಿಸಿ. ಮಾರ್ಫಿನ್ ಮಾತ್ರೆ ಕೊಟ್ಟರೆ ಚಟವಾಗುತ್ತದೆಂದು ಹೆದರಬೇಡಿ. ಸರಿಯಾದ ಅಳತೆಯಲ್ಲಿ ಅದು ನೋವನ್ನೂ ದಮ್ಮನ್ನೂ ಇಳಿಸುತ್ತದೆ, ಮಲಬದ್ಧತೆಗೆ ಮಾತ್ರ ಜೊತೆಗೊಂದು ಔಷಧಿ ಬೇಕು. ಮುಖಕ್ಕೆ ನೇರ ಗಾಳಿ ಬೀಸುವ ಪುಟ್ಟ ಫ್ಯಾನೂ ದಮ್ಮಿಗೆ ಆಗುತ್ತದೆ, ತಮಾಷೆಯಲ್ಲ.

ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧಿ ಎಂದು ಯಾರಾದರೂ ಹೇಳಿರಬಹುದು. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಎರಡು ಔಷಧಿಗಳ ಜೋಡಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. 605 ರೋಗಿಗಳ ಅಧ್ಯಯನದಲ್ಲಿ ನಡುಲೆಕ್ಕ 14.1 ತಿಂಗಳಿಂದ 18.1ಕ್ಕೆ ಏರಿತು. ಆದರೆ ಹೆಚ್ಚಿನ ಲಾಭ ಕಂಡದ್ದು ಅಪ್ಪನದಲ್ಲದ ಜಾತಿಗಳಲ್ಲಿ. ಬೆಲೆ ಲಕ್ಷಗಳಲ್ಲಿ. ಗದ್ದೆ ಮಾರಿ ಇದನ್ನು ಕೊಡಿಸಿ ಎಂದು ನಾನು ಹೇಳಲಾರೆ. ದೊಡ್ಡ ಆಪರೇಷನ್ ಮಾಡಿ ಪೊರೆಯನ್ನೇ ಬಿಡಿಸಿ ತೆಗೆದರೆ ಹೇಗೆ ಎಂಬ ಪ್ರಶ್ನೆಗೂ ಈಗ ಉತ್ತರ ಸಿಕ್ಕಿದೆ. ಬ್ರಿಟನ್ನಿನ ಮಾರ್ಸ್-2 ಎಂಬ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆಪರೇಷನ್ ಮತ್ತು ಕಿಮೋ ಎರಡೂ ಆದವರದು 19.3 ತಿಂಗಳು, ಕಿಮೋ ಮಾತ್ರ ಆದವರದು 24.8. ಅಂದರೆ ಕತ್ತರಿಯಿಂದ ಆಯಸ್ಸು ಹೆಚ್ಚಲಿಲ್ಲ. ಯಾರಾದರೂ ಆಪರೇಷನ್ನಿಗೆ ಒತ್ತಾಯ ಮಾಡಿದರೆ ಈ ಹೆಸರು ಹೇಳಿ ಕೇಳಿ.

ಎಲ್ಲಿಗೆ ಹೋಗುವುದು ಎಂದು ನೀವು ಕೇಳಿಲ್ಲ, ಆದರೆ ನಮ್ಮ ಜಿಲ್ಲೆಯವರಿಗೆ ಅದೇ ಅರ್ಧ ಕಾಯಿಲೆ. ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದರೆ ಹುಬ್ಬಳ್ಳಿ, ಕಾಳಿ ಸೇತುವೆ ದಾಟಿದರೆ ಗೋವಾ, ಬೆಂಗಳೂರಿನ ಕಿದ್ವಾಯಿ, ಬೊಂಬಾಯಿಯ ಪರೇಲಿನ ಟಾಟಾ. ನನ್ನ ಸಲಹೆ: ಒಮ್ಮೆ ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿ ತೀರ್ಮಾನ ಮಾಡಿಸಿ, ಕಿಮೋ ಮಾತ್ರ ಮೂರು ವಾರಕ್ಕೊಮ್ಮೆ ಹೋಗಿಬರಲಾಗುವಷ್ಟು ಹತ್ತಿರದಲ್ಲಿ ಕೊಡಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ಹೋಗಿ ಕೌಂಟರಿನಿಂದ ಕಾರವಾರಕ್ಕೆ ವಾಪಸು ಬಂದವರನ್ನು ನೋಡಿದ್ದೇನೆ.

ಮನೆಯ ಮಾಡಿಗೆ ಬರೋಣ. ಅಪ್ಪನ ಕಾಯಿಲೆಗೆ ಕಾರಣ ಆ ಮಾಡಲ್ಲ, ಎಂಜಿನ್ ರೂಮು. ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಶೀಟಿನಲ್ಲಿ ಬಿಳಿ ಕಲ್ನಾರು ನೂರಕ್ಕೆ ಹತ್ತರ ಆಸುಪಾಸು, ಉಳಿದದ್ದು ಸಿಮೆಂಟು. ಗಟ್ಟಿಯಾಗಿ ಹಿಡಿದುಕೊಂಡಿರುವಷ್ಟು ದಿನ ನಾರು ಗಾಳಿಗೆ ಬರುವುದು ಬಹಳ ಕಡಿಮೆ. ಹಾಗಂತ ಅದು ನಿರಪಾಯಿ ಎಂದು ಕಂಪನಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಬಿಳಿಯಿರಲಿ, ಕಂದಿರಲಿ, ನೀಲಿಯಿರಲಿ, ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಹೇಳಿದೆ. 60ಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಮಾರಾಟಕ್ಕಿದೆ. ನಮ್ಮ ಕಡೆಯ ಅಪಾಯ ಇರುವುದು ಬೇಸಿಗೆಯ ಕೊನೆಯ ಎರಡು ವಾರಗಳಲ್ಲಿ. ಮಳೆಗೆ ಮೊದಲು ಮಾಡು ಹತ್ತಿ ತಂತಿ ಬ್ರಷ್ಷಿನಲ್ಲಿ ಪಾಚಿ ಕೆರೆಯುತ್ತೇವಲ್ಲ, ಒಣ ಶೀಟಿಗೆ ಗರಗಸ ಹಾಕುತ್ತೇವಲ್ಲ, ಕೊಟ್ಟಿಗೆಗೆ ಇನ್ನರ್ಧ ಬೇಕೆಂದು ಗ್ರೈಂಡರಿನಲ್ಲಿ ಕೊಯ್ಯುತ್ತೇವಲ್ಲ, ಅದು. ಒಡೆದ ಚೂರುಗಳನ್ನು ಬಚ್ಚಲಿನ ದಾರಿಗೆ, ಹೊಂಡಕ್ಕೆ ತುಂಬುವುದೂ ಅದೇ. ನಿಮ್ಮ ಶೀಟು ಗಟ್ಟಿಯಿದ್ದರೆ ಮುಟ್ಟಬೇಡಿ. ಅಂಚು ಮೆತ್ತಗಾಗಿ ನಾರು ಕಾಣುತ್ತಿದ್ದರೆ ಅನುಕೂಲವಾದಾಗ ಬದಲಿಸಿ, ಹಂಚೋ ತಗಡೋ ಹಾಕಿ. ತೆಗೆಯುವ ದಿನ ಚೆನ್ನಾಗಿ ನೀರು ಚಿಮುಕಿಸಿ, ಸ್ಕ್ರೂ ಬಿಚ್ಚಿ ಇಡಿಯಾಗಿ ಇಳಿಸಿ, ಒಡೆಯಬೇಡಿ, ಒಣ ಪೊರಕೆ ಹಾಕಬೇಡಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಮಕ್ಕಳನ್ನೂ ಅಪ್ಪನನ್ನೂ ಆ ದಿನ ನೆಂಟರ ಮನೆಗೆ ಕಳಿಸಿ. ಬಟ್ಟೆಯ ಮಾಸ್ಕು ಇದಕ್ಕೆ ಆಗಿಬರುವುದಿಲ್ಲ. ಹಾಗೇ, ಬೋಟಿನ ಎಂಜಿನ್ನಿನ ಹೊಗೆಕೊಳವೆಗೆ ಬಿಳಿ ಹಗ್ಗ ಸುತ್ತುವ ಮೆಕ್ಯಾನಿಕ್ಕು ಯಾರಾದರೂ ನಿಮ್ಮ ಊರಲ್ಲಿದ್ದರೆ ಈ ಮಾತು ಅವರಿಗೂ ತಲುಪಲಿ. ಹಳೇ ಹಗ್ಗವಾದರೆ ಅದು ಕಲ್ನಾರೇ ಇದ್ದೀತು.

ಇನ್ನು ಪರಿಹಾರ. ನಾನು ವಕೀಲನಲ್ಲ, ಆದರೆ ಇಂಥ ಫೈಲುಗಳಿಗೆ ವೈದ್ಯಕೀಯ ವರದಿ ಬರೆದು ಬರೆದು ಕೆಲವಷ್ಟು ಕಲಿತಿದ್ದೇನೆ. ಅಣ್ಣ ನೋಡಿದ ಜಾಹೀರಾತಿನ ಹಿಂದೆ ಒಂದು ನಿಜವಿದೆ. ಅಮೆರಿಕದಲ್ಲಿ ಕಲ್ನಾರಿನ ದೊಡ್ಡ ಕಂಪನಿಯಾಗಿದ್ದ ಜಾನ್ಸ್-ಮ್ಯಾನ್‌ವಿಲ್ 1982ರಲ್ಲಿ ದಾವೆಗಳ ಭಾರಕ್ಕೆ ದಿವಾಳಿ ಅರ್ಜಿ ಹಾಕಿತು, ಆಮೇಲೆ ರೋಗಿಗಳಿಗೆಂದು ಒಂದು ಟ್ರಸ್ಟು ಹುಟ್ಟಿತು. ಅಂಥವು ಈಗ ಹಲವಿವೆ. ಬ್ರಿಟನ್ನಿನಲ್ಲೂ 2014ರ ಕಾಯ್ದೆಯಡಿ ಮಾಲೀಕರು ಸಿಗದ ಮೆಸೊಥೆಲಿಯೋಮಾ ರೋಗಿಗಳಿಗೆ ಹಣ ಕೊಡುವ ಯೋಜನೆಯಿದೆ. ಆದರೆ ಅವು ಆಯಾ ದೇಶದಲ್ಲಿ, ಆಯಾ ಕಂಪನಿಯ ಮಾಲಿಗೆ ಮೈಯೊಡ್ಡಿದವರಿಗೆ. ಅಪ್ಪ ಅಮೆರಿಕದ ಹಡಗಿನ ಸಿಬ್ಬಂದಿಯಾಗಿ ದುಡಿದ ದಾಖಲೆ ಇದ್ದರೆ ಯೋಚಿಸಬಹುದಾದ ಮಾತು. ಬೊಂಬಾಯಿಯ ಕಂತ್ರಾಟಿನ ಕೆಲಸಕ್ಕೆ ಅಲ್ಲಿಂದ ಕೋಟಿ ಬರುತ್ತದೆ ಎನ್ನುವವನು ನಿಮ್ಮ 25,000ದ ಮೇಲೆ ಮಾತ್ರ ಕಣ್ಣಿಟ್ಟಿದ್ದಾನೆ. ನಮ್ಮ ದೇಶದ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ, ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ, ಇದು ಬಾರ್ ಕೌನ್ಸಿಲ್ಲಿನದೇ ನಿಯಮ.

ನಮ್ಮ ಕಾನೂನು ಏನು ಕೊಡುತ್ತದೆ? ಕಾಗದದ ಮೇಲೆ ಕಡಿಮೆಯೇನಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ ಎರಡೂ ಉದ್ಯೋಗದ ಕಾಯಿಲೆಗಳೆಂದು ಸೇರಿದ್ದವು. ಅಪ್ಪ ಆಗ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಸದಸ್ಯರಾಗಿದ್ದರೆ ಆ ದಾರಿ ಬೇರೆ, ಎರಡರಲ್ಲೂ ಕೇಳಲಾಗದು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ ಮೊಕದ್ದಮೆಯಲ್ಲಿ, ಕೆಲಸಗಾರನ ಆರೋಗ್ಯ ಬದುಕುವ ಹಕ್ಕಿನ ಭಾಗವೆಂದಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪರೀಕ್ಷಿಸಿ ಕಾಯಿಲೆ ಖಚಿತಪಡಿಸಿದ ಕೆಲಸಗಾರರಿಗೆ ತಲಾ ಒಂದು ಲಕ್ಷ ಕೊಡಲು ಹೇಳಿತು.

ಸಿಕ್ಕು ಇರುವುದು ಇಲ್ಲಿ. 1923ರ ಕಾಯ್ದೆ ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಈ ಕಾಯಿಲೆಗೆ ಬೇಕಾದದ್ದು ಮೂವತ್ತು ನಲವತ್ತು ವರ್ಷ. ಎದುರು ಪಕ್ಷದವರು ಮೊದಲು ಎತ್ತುವುದೇ ಇದನ್ನು. ತಡವಾಗಿದ್ದಕ್ಕೆ ಸಾಕಷ್ಟು ಕಾರಣವಿದ್ದರೆ ಅರ್ಜಿ ಒಪ್ಪುವ ಅಧಿಕಾರ ಆ ಕಾಯ್ದೆಯಡಿ ಪರಿಹಾರದ ಅರ್ಜಿ ಕೇಳುವ ಆಯುಕ್ತರಿಗಿತ್ತು, ರಿಟ್ ಅರ್ಜಿಯ ದಾರಿಯೂ ಇದೆ, ಆದರೆ ಯಾವುದೂ ಬೇಗ ಮುಗಿಯುವುದಿಲ್ಲ. ಅಪ್ಪನ ಆಯಸ್ಸಿನೊಳಗೆ ಹಣ ಕೈಗೆ ಬರುತ್ತದೆಂದು ನಂಬಿ ಸಾಲ ಮಾಡಬೇಡಿ. 2025ರ ನವೆಂಬರಿನಿಂದ ಈ ಹಳೆಯ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಪ್ಪನಿಗೆ ಹಳೆಯದೋ ಹೊಸದೋ ಎಂಬುದನ್ನು ವಕೀಲರೇ ಹೇಳಬೇಕು. ಅದಕ್ಕೆ ಹಣ ಖರ್ಚು ಮಾಡುವ ಮೊದಲು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಅರ್ಜಿ ಕೊಡಲು ಬೊಂಬಾಯಿಗೇ ಓಡಬೇಕೇ, ಕಾಯಿಲೆಯವರು ವಾಸಿಸುವ ಊರಿನಲ್ಲೇ ಆಗುತ್ತದೆಯೇ ಎಂದು ಅಲ್ಲಿ ಕೇಳಿ. 1923ರ ಕಾಯ್ದೆಯಲ್ಲಿ ವಾಸದ ಊರಿಗೂ ಅವಕಾಶವಿತ್ತು.

ದಾವೆ ಹೂಡಿ, ಬಿಡಿ, ಮೂರು ಕಾಗದಗಳ ವಿಷಯ ಮಾತ್ರ ಈಗಲೇ ಗಮನದಲ್ಲಿಟ್ಟುಕೊಳ್ಳಿ. ಡಾಕ್ಟರ ಸಾರಾಂಶದಲ್ಲಿ 'ಹಡಗಿನ ಲ್ಯಾಗಿಂಗ್ ಕೆಲಸ, 1973–1986, ಆಸ್ಬೆಸ್ಟಾಸ್ ಸಂಪರ್ಕ' ಎಂದು ಬರೆಸಿ. ಬರೆಯದೇ ಬಿಟ್ಟಿದ್ದರೆ ತಿದ್ದಿಸಿ, ಹಟ ಹಿಡಿದಾದರೂ. ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ, ಅದು ಎಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಇನ್ನೊಂದು ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು: ಮುಂದೊಂದು ದಿನ ಮರಣದ ಕಾರಣದ ಪ್ರಮಾಣಪತ್ರ ಬರೆಯುವಾಗ 'ಹೃದಯ ನಿಂತಿತು' ಎಂದು ಬರೆದು ಮುಗಿಸದಂತೆ, ಕಾಯಿಲೆಯ ಹೆಸರು ಬರೆಯುವಂತೆ ನೋಡಿಕೊಳ್ಳಿ. ಹೃದಯ ಎಲ್ಲರದೂ ನಿಲ್ಲುತ್ತದೆ. ನಮ್ಮಲ್ಲಿ ಈ ಕಾಯಿಲೆ ಕಡಿಮೆ ಎನ್ನುವವರ ವಾದಕ್ಕೆ ಬಲ ಬಂದದ್ದೇ ಇಂಥ ಪ್ರಮಾಣಪತ್ರಗಳಿಂದ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಅಪ್ಪನ ಬಾಯಿಂದ ಬಂದ ಕೆಲಸದ ಕತೆ. ಕಂತ್ರಾಟುದಾರನ ಹೆಸರು, ಮುಕಾದಮನ ಹೆಸರು, ಯಾವ ಗೇಟಿನಿಂದ ಒಳಗೆ ಹೋಗುತ್ತಿದ್ದರು, ಹಳೇ ಪಟ್ಟಿ ಕೀಳುವಾಗ ನೀರು ಹಾಕುತ್ತಿದ್ದರೇ, ಮೂಗಿಗೆ ಏನಾದರೂ ಕಟ್ಟಲು ಕೊಡುತ್ತಿದ್ದರೇ, ಹೊಸ ಪಟ್ಟಿಯ ಗಂಟಿನ ಮೇಲೆ ಏನೆಂದು ಬರೆದಿರುತ್ತಿತ್ತು, ಖೋಲಿಯಲ್ಲಿ ಜೊತೆಗಿದ್ದವರು ಯಾರು. ಅವರಲ್ಲಿ ಒಬ್ಬಿಬ್ಬರು ಬೇಲೆಕೇರಿಯಲ್ಲೋ ಮಾಜಾಳಿಯಲ್ಲೋ ಇದ್ದರೆ ಅವರು ಸಾಕ್ಷಿಯಾಗಿ ಬರೆದುಕೊಡುವ ಅಫಿಡವಿಟ್ಟಿಗೆ ಬೆಲೆಯಿದೆ. ಟ್ರಂಕಿನ ತಳದಲ್ಲಿ ಗೇಟ್ ಪಾಸು, ಯೂನಿಯನ್ನಿನ ರಸೀತಿ, ಪಿಎಫ್ ಚೀಟಿ, ಬೊಂಬಾಯಿಯ ರೇಷನ್ ಕಾರ್ಡು ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ, ಹಾಗೇ ಇಡಿ. ಅಪ್ಪನಿಗೆ ದಮ್ಮು ಕಡಿಮೆಯಿರುವ ಹೊತ್ತು ನೋಡಿ, ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು, ತಾರೀಕು ಹಾಕಿ ಅವರಿಂದ ಸಹಿ ಮಾಡಿಸಿ. ವರ್ಷಗಳಿಂದ ಶುರು ಮಾಡಿದರೆ ಮುದುಕರಿಗೆ ನೆನಪಾಗುವುದಿಲ್ಲ. ಮೊದಲು ಹತ್ತಿದ ಹಡಗಿನ ಹೆಸರು ಕೇಳಿ.